ಕೊನೆಯ ಐದು ನಿಮಿಷಕ್ಕೆ ನನ್ನ ಸಹಿ ಬೇಕಂತೆ

ಮಾನ್ಯ ಕ್ರೀಡಾ ಸಮಿತಿಯ ಅಧ್ಯಕ್ಷರೇ,

ಸೋತರೂ ಚಿಂತೆಯಿಲ್ಲ ಎಂದು ಹೇಳಿ ಕೆಲಸಕ್ಕೆ ಕರೆತಂದವರೇ, ಸೋತಳೆಂದು ಕೆಲಸದಿಂದ ತೆಗೆಯುವುದು ಯಾವ ಸೀಮೆಯ ನ್ಯಾಯ? ನಮ್ಮ ನೀರು ಸರಬರಾಜು ಮಂಡಳಿಯ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡದ ತರಬೇತುದಾರಳನ್ನು, ಇನ್ನೂ ಮೂವತ್ತು ತುಂಬದ ಹೆಣ್ಣುಮಗಳನ್ನು, 'ಅಸಮರ್ಥೆ' ಎಂದು ಬರೆದು ಮನೆಗೆ ಕಳಿಸುವ ವರದಿ ಸಿದ್ಧವಾಗಿದೆ. ಅದಕ್ಕೆ ಮೂರು ಸಹಿ ಬೇಕು. ಎರಡು ಬಿದ್ದಿವೆ. ಮೂರನೆಯದು ನನ್ನದು, ಸೋಮವಾರದೊಳಗೆ ಹಾಕಬೇಕೆಂದು ಹೇಳಿಕಳಿಸಿದ್ದೀರಿ. ನಿಮ್ಮ ಕೊಠಡಿಯಲ್ಲಿ ಆಡಬೇಕಾದ ಮಾತನ್ನು ಹೀಗೆ ಬಹಿರಂಗ ಪತ್ರವಾಗಿಸಿ ಬೀದಿಯಲ್ಲಿ ನಿಂತು ಆಡುತ್ತಿರುವುದಕ್ಕೆ ಕ್ಷಮೆಯಿರಲಿ. ನಿಮ್ಮ ಕೊಠಡಿಗೆ ಎರಡು ಸಲ ಬಂದಿದ್ದೆ. ಮೊದಲ ಸಲ ನೀವು ಸಭೆಯಲ್ಲಿದ್ದಿರಿ. ಎರಡನೆಯ ಸಲ, ಬಂದವನು ನಾನೆಂದು ತಿಳಿದ ಮೇಲೆ ಸಭೆಯಲ್ಲಿದ್ದಿರಿ.

ನಾನು ಯಾರೆಂಬುದು ಇದನ್ನು ಓದುವ ಉಳಿದವರಿಗೂ ತಿಳಿಯಲಿ. ಮಂಡಳಿಯ ದೂರು ಕೌಂಟರಿನಲ್ಲಿ ಕೂರುವವನು ನಾನು. ನಲ್ಲಿಯಲ್ಲಿ ನೀರು ಬಾರದವರು, ಬಂದ ನೀರು ನಾರುವವರು, ನೀರೇ ಬಾರದೆ ಬಿಲ್ಲು ಬಂದವರು, ಎಲ್ಲರೂ ಬೆಳಗಿನಿಂದ ಸಂಜೆಯವರೆಗೆ ಗಾಜಿನ ಕಿಂಡಿಯ ಆಚೆ ನಿಂತು ನನ್ನನ್ನು ಬೈಯುತ್ತಾರೆ. ನಾನು ಮಂಡಳಿಯ ಪರವಾಗಿ ಬೈಸಿಕೊಳ್ಳುತ್ತೇನೆ. 'ಪರಿಶೀಲಿಸಲಾಗುವುದು' ಎಂಬ ಪದವನ್ನು ನನ್ನಷ್ಟು ಸಲ ಉಚ್ಚರಿಸಿದ ಮನುಷ್ಯ ಈ ಊರಿನಲ್ಲಿ ಇನ್ನೊಬ್ಬನಿರಲಾರ. ದಯವಿಟ್ಟು ಈ ಪತ್ರಕ್ಕೆ ಆ ಉತ್ತರ ಕೊಡಬೇಡಿ, ಅದರ ಅರ್ಥ ನನಗೆ ಗೊತ್ತಿದೆ. ಬ್ಯಾಸ್ಕೆಟ್‌ಬಾಲಿಗೂ ನನಗೂ ಇರುವ ಸಂಬಂಧವೆಂದರೆ ನನ್ನ ಅಕ್ಕನ ಮಗಳು. ಅವಳು ಈ ತಂಡದಲ್ಲಿ ಆಡುತ್ತಾಳೆ. ಅವಳ ಚೀಲ, ನೀರಿನ ಬಾಟಲಿ ಕಾಯುತ್ತ ಬೆಂಚಿನ ಮೇಲೆ ಕೂತೂ ಕೂತೂ ಆಟ ನನಗೆ ಅರ್ಥವಾಗತೊಡಗಿತು, ಅಷ್ಟೇ.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ವರ್ಷ ನಮ್ಮ ಹಿರಿಯ ಆಟಗಾರ್ತಿಯರಲ್ಲಿ ಕೆಲವರಿಗೆ ಮೊಣಕಾಲು ಕೈಕೊಟ್ಟಿತು, ಕೆಲವರು ಬೇರೆ ಸಂಸ್ಥೆಯ ತಂಡ ಸೇರಿದರು, ಇಬ್ಬರು ಮಾತ್ರ ಉಳಿದರು. ಹಳೆಯ ತರಬೇತುದಾರರು ವಯಸ್ಸಿನ ನೆಪ ಹೇಳಿ ಕೈತೊಳೆದುಕೊಂಡರು. ಮುಳುಗುವ ದೋಣಿಗೆ ಅಂಬಿಗನಾಗಲು ಯಾರೂ ಬರಲಿಲ್ಲ. ಕೊನೆಗೆ ಒಂದು ಕಾಲೇಜಿನಲ್ಲಿ ಹುಡುಗಿಯರಿಗೆ ಆಟ ಕಲಿಸುತ್ತಿದ್ದ ಇವಳನ್ನು ಕರೆತಂದಿರಿ. ಅವಳೇ ಊರೂರು ಅಲೆದು ಎಂಟು ಹೊಸ ಹುಡುಗಿಯರನ್ನು ಹುಡುಕಿದಳು, ನನ್ನ ಅಕ್ಕನ ಮಗಳೂ ಅವರಲ್ಲೊಬ್ಬಳು; ನೀವು ಅವರಿಗೆ ಒಂದು ವರ್ಷದ ತಾತ್ಕಾಲಿಕ ನೌಕರಿ ಕೊಟ್ಟಿರಿ. ಸ್ವಾಗತಕ್ಕೆಂದು ಸಭೆ ಮಾಡಿ, ಚಹಾ ಬಿಸ್ಕತ್ತು ಕೊಡಿಸಿ, ಅವಳ ಕಡೆ ತಿರುಗಿ ಹೀಗೆಂದಿರಿ: "ಎರಡು ವರ್ಷ ನಾವು ಫಲಿತಾಂಶ ಕೇಳೋದಿಲ್ಲಮ್ಮ. ನೀನು ಬುನಾದಿ ಹಾಕು. ಮನೆ ಆಮೇಲೆ ಏಳುತ್ತೆ."

ಆಗ ಅವಳು ಎದ್ದು ನಿಂತಳು. "ಸಾರ್, ಒಂದು ವಿಷಯ ಈಗಲೇ ಹೇಳಿಬಿಡ್ತೀನಿ. ಪ್ರತಿ ಮ್ಯಾಚಲ್ಲೂ ಕೊನೇ ಐದು ನಿಮಿಷ ತಂಡದ ಐದು ಜನ ಚಿಕ್ಕ ಹುಡುಗಿಯರೇ ಆಡ್ತಾರೆ. ಸ್ಕೋರ್ ಏನೇ ಇರಲಿ. ಮ್ಯಾಚ್ ಮುಗಿಸೋದನ್ನ ಬೆಂಚಲ್ಲಿ ಕೂತು ಕಲಿಯೋಕಾಗಲ್ಲ. ಇದರಿಂದ ಕೆಲವು ಮ್ಯಾಚ್ ಸೋಲ್ತೀವಿ. ಒಪ್ಪಿಗೇನಾ?"

ನೀವು ಏನೆಂದಿರಿ, ನೆನಪಿದೆಯೇ? "ಭೇಷ್! ಇಂಥ ಎದೆಗಾರಿಕೆ ಇರೋರೇ ನಮಗೆ ಬೇಕಾಗಿದ್ದದ್ದು" ಎಂದು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದಿರಿ. ನಾವೂ ತಟ್ಟಿದೆವು. ಆ ಸಭೆಯಲ್ಲಿ ಮೂವತ್ತು ಜನರಿದ್ದರು. ಈಗ ವಿಚಾರಿಸಿದರೆ ಒಬ್ಬರಿಗೂ ಆ ಮಾತು ಕೇಳಿಸಿರಲಿಲ್ಲವಂತೆ.

ಆಮೇಲೆ ಅವಳು ಹೇಳಿದಂತೆಯೇ ಸೋತರು. ಮೊದಲ ಪಂದ್ಯದಲ್ಲಿ ಎದುರಾಳಿಗಳು ನಮಗಿಂತ ಎರಡರಷ್ಟು ಅಂಕ ಗಳಿಸಿದರು. ಅಂದು ನನ್ನ ಅಕ್ಕನ ಮಗಳು ಮನೆಗೆ ಬಂದು ಚಪ್ಪಲಿ ಒಂದು ಕಡೆ, ಚೀಲ ಇನ್ನೊಂದು ಕಡೆ ಎಸೆದು, ಪಾಸು ಕೊಡದ ಗೆಳತಿಯಿಂದ ಹಿಡಿದು ರೆಫರಿ, ಅಂಗಳದ ನೆಲ, ಶೂಗಳವರೆಗೆ ಎಲ್ಲರನ್ನೂ ಬೈದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವಳಮ್ಮ ಛೇಡಿಸಿದ್ದಕ್ಕೆ ಊಟ ಬಿಟ್ಟು ಮಲಗಿದಳು. ಇಂಥ ಎಂಟು ಹುಡುಗಿಯರು ಆ ತರಬೇತುದಾರಳ ಕೈಯಲ್ಲಿದ್ದರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಅಭ್ಯಾಸ ನಡೆಯುವ ಜಾಗವನ್ನು ನೀವು ನೋಡಿಲ್ಲ. ಅದು ಮಂಡಳಿಯ ಹಳೆಯ ಪಂಪ್‌ಗಳನ್ನು ಇಡುತ್ತಿದ್ದ ಗೋದಾಮು. ಒಂದೇ ಬಾಗಿಲು, ಅದರ ರೋಲಿಂಗ್ ಶಟರ್ ಅರ್ಧಕ್ಕೇ ಕಚ್ಚಿಕೊಂಡಿದೆ. ಎಂಥವರೂ ಬಗ್ಗಿಯೇ ಒಳಗೆ ಹೋಗಬೇಕು, ಬಗ್ಗಿಯೇ ಹೊರಗೆ ಬರಬೇಕು. ಅಧಿಕಾರಿಗಳು ಯಾಕೆ ಬರುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣ ಹುಡುಕಬೇಕಿಲ್ಲ. ಒಳಗೆ ಗ್ರೀಸಿನ ವಾಸನೆ, ಮೇಲೆ ತಗಡು, ಮಧ್ಯಾಹ್ನ ನಿಂತರೆ ತಲೆ ಸುತ್ತುತ್ತದೆ. ಅಲ್ಲಿ ಅವಳು ಸೀಟಿ ಊದದೆ ಬರೀ ಚಪ್ಪಾಳೆ ತಟ್ಟಿ ಆಟ ನಿಲ್ಲಿಸುತ್ತಾಳೆ, ಅದಕ್ಕೇ ಹುಡುಗಿಯರು ಅವಳಿಗೆ 'ಚಪ್ಪಾಳೆ ಮೇಡಂ' ಎಂದು ಹೆಸರಿಟ್ಟಿದ್ದಾರೆ. ನಿಲ್ಲಿಸಿ, ಚೆಂಡು ಕಳೆದುಕೊಂಡವಳನ್ನು ಬೈಯುವುದಿಲ್ಲ. "ಆಗ ನಿನಗೆ ಏನು ಕಾಣಿಸ್ತು?" ಎಂದು ಕೇಳುತ್ತಾಳೆ. ಹುಡುಗಿ ಹೇಳುವವರೆಗೆ ಕಾಯುತ್ತಾಳೆ. ಕೆಲವು ಸಲ ಎಷ್ಟು ಹೊತ್ತು ಕಾಯುತ್ತಾಳೆಂದರೆ ನನಗೇ ಎದ್ದು ಹೋಗಿ ಉತ್ತರ ಹೇಳಿಬಿಡೋಣ ಅನಿಸುತ್ತದೆ.

ಅವಳು ತಪ್ಪೇ ಮಾಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಆಟ ನಿಲ್ಲಿಸಿ ಮಾತಾಡಲು ಸಿಗುವ ಟೈಮ್‌ಔಟನ್ನು ಎಷ್ಟೋ ಸಲ ಬಳಸದೆ ಬಿಡುತ್ತಾಳೆ. ಸಿಟ್ಟು ಬಂದರೆ ಮುಖ ಕೆಂಪಗೆ ಮಾಡಿಕೊಂಡು ಯಾರ ಜೊತೆಗೂ ಮಾತಾಡುವುದಿಲ್ಲ. ಉಳಿದಿದ್ದ ಇಬ್ಬರು ಹಿರಿಯರನ್ನು ಮೊದಮೊದಲು ಸರಿಯಾಗಿ ನಡೆಸಿಕೊಳ್ಳಲಿಲ್ಲ, ಅವರಲ್ಲೊಬ್ಬಳು ನನ್ನೆದುರೇ ಕಣ್ಣೀರು ಹಾಕಿದ್ದಳು. ಇದನ್ನೆಲ್ಲ ವರದಿಯಲ್ಲಿ ಬರೆದಿದ್ದರೆ ನಾನು ತಲೆಬಾಗುತ್ತಿದ್ದೆ. ಆದರೆ ವರದಿಯಲ್ಲಿ ಇದ್ಯಾವುದೂ ಇಲ್ಲ. ಸೋತ ಪಂದ್ಯಗಳ ಪಟ್ಟಿ ಇದೆ, ಅದರ ಕೆಳಗೆ 'ಗೆದ್ದ ಪಂದ್ಯವನ್ನೂ ಉದ್ದೇಶಪೂರ್ವಕವಾಗಿ ಕಳೆದುಕೊಂಡು ಮಂಡಳಿಯ ಘನತೆಗೆ ಧಕ್ಕೆ ತಂದಿರುತ್ತಾರೆ' ಎಂಬ ಒಂದು ಸಾಲು ಇದೆ.

ಆ ಸಾಲಿನ ಹಿಂದಿನ ಕಥೆ ಎಲ್ಲರಿಗೂ ತಿಳಿಯಲಿ. ಕಳೆದ ತಿಂಗಳು, ನಮ್ಮದೇ ಊರಿನ ಅಂಗಳದಲ್ಲಿ, ಅಂಕಪಟ್ಟಿಯ ಮೇಲ್ತುದಿಯಲ್ಲಿರುವ ತಂಡದ ವಿರುದ್ಧ ಪಂದ್ಯ. ನೀವೂ ಬಂದಿದ್ದಿರಿ. ಅಂದು ಹುಡುಗಿಯರಿಗೆ ಏನಾಗಿತ್ತೋ, ಹಾಕಿದ್ದೆಲ್ಲ ಬುಟ್ಟಿಗೆ ಬೀಳುತ್ತಿತ್ತು. ಕೊನೆಯ ಐದು ನಿಮಿಷ ಉಳಿದಾಗ ನಾವು ಒಂಬತ್ತು ಅಂಕ ಮುಂದಿದ್ದೆವು. ನೀವು ಗಡಿಯಾರ ನೋಡಿಕೊಂಡು, ಅಕ್ಕಪಕ್ಕದವರ ಕೈ ಕುಲುಕಿ, ಕಾರು ಹತ್ತಿದಿರಿ. ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಸಿದ ಹಾಗೆ, ಕಾರಿನಿಂದಲೇ ಪ್ರಚಾರ ವಿಭಾಗಕ್ಕೆ ಫೋನ್ ಮಾಡಿ 'ಅಭಿನಂದನೆ ಹಾಕಿಸಿ' ಎಂದಿರಿ.

ಅತ್ತ ನೀವು ಗೇಟು ದಾಟಿದಿರಿ, ಇತ್ತ ಚಪ್ಪಾಳೆ ಮೇಡಂ ಎದ್ದು ನಿಂತು ಐದು ಜನ ಚಿಕ್ಕ ಹುಡುಗಿಯರನ್ನು ಒಳಗೆ ಕಳಿಸಿದಳು. ಗ್ಯಾಲರಿಯಿಂದ "ಏ, ಹುಚ್ಚು ಹಿಡೀತಾ ನಿಂಗೆ?" ಎಂದು ಯಾರೋ ಕೂಗಿದರು. ನನಗೂ ಹಾಗೇ ಅನಿಸಿತು, ಸುಳ್ಳು ಯಾಕೆ ಹೇಳಲಿ. ಒಂಬತ್ತು ಏಳಾಯಿತು, ನಾಲ್ಕಾಯಿತು. ಹುಡುಗಿಯರು ಬೆವರು ಒರೆಸಿಕೊಳ್ಳುತ್ತ ಬೆಂಚಿನ ಕಡೆ ನೋಡುತ್ತಿದ್ದರು. ಅವಳು ಯಾರನ್ನೂ ಬದಲಿಸಲಿಲ್ಲ. ಒಂದು ಅಂಕ ಮುಂದಿರುವಾಗ, ಕೆಲವೇ ಸೆಕೆಂಡು ಉಳಿದಿರುವಾಗ, ನಮ್ಮ ಹುಡುಗಿಯೊಬ್ಬಳ ಕೈಯಿಂದ ಚೆಂಡು ಜಾರಿತು. ಎದುರಾಳಿ ಅದನ್ನು ಕಸಿದುಕೊಂಡು ಓಡಿ ಬುಟ್ಟಿಗೆ ಹಾಕಿದಳು. ಒಂದು ಅಂಕದಿಂದ ಸೋತೆವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ನಮ್ಮ ದೂರು ವಿಭಾಗದ ದೊಡ್ಡ ಪರದೆಯ ಮೇಲೆ 'ಬಿಲ್ ಪಾವತಿಸಲು ಕೊನೆಯ ದಿನಾಂಕ' ಆದ ಕೂಡಲೇ 'ನಮ್ಮ ಮಹಿಳಾ ತಂಡಕ್ಕೆ ಭರ್ಜರಿ ಗೆಲುವು, ಅಧ್ಯಕ್ಷರ ಅಭಿನಂದನೆ' ಎಂದು ಬರುತ್ತಿತ್ತು, ಜೊತೆಗೆ ನಿಮ್ಮ ನಗುಮುಖ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ನಮ್ಮ ಪ್ರಚಾರ ವಿಭಾಗದವರು, ಯಾರೂ ವಿಚಾರಿಸಿರಲಿಲ್ಲ. ಪತ್ರಿಕೆಯಲ್ಲಿ ಸೋಲಿನ ಸುದ್ದಿ ಓದಿ ಬಂದ ಜನ ಪರದೆ ನೋಡಿ ನಕ್ಕರು. ಒಬ್ಬ ಮುದುಕರು ಕಿಂಡಿಗೆ ಬಾಯಿಟ್ಟು, "ಸೋತಿದ್ದನ್ನ ಗೆದ್ವಿ ಅಂತೀರಿ, ಸರಿ. ನನ್ನ ನಲ್ಲೀಲೂ ನೀರು ಬರ್ತಿದೆ ಅಂತ ಅದರಲ್ಲೇ ಹಾಕಿಬಿಡಿ" ಎಂದರು. ಮಧ್ಯಾಹ್ನದವರೆಗೂ ಅದನ್ನು ತೆಗೆಸಲು ಯಾರಿಗೂ ಧೈರ್ಯವಾಗಲಿಲ್ಲ, ಯಾಕೆಂದರೆ ಹಾಕಿಸಿದವರು ನೀವು. ಆ ವಾರವೇ ಮೌಲ್ಯಮಾಪನ ಸಮಿತಿ ರಚನೆಯಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಪದ್ಧತಿ ನಮ್ಮಲ್ಲಿ ಹೊಸದೇನಲ್ಲವಲ್ಲ.

ಸಮಿತಿಗೆ ಮೂವರು: ಸಿಬ್ಬಂದಿ ವಿಭಾಗದ ಅಧಿಕಾರಿ, ತಂಡ ಬಿಟ್ಟುಹೋಗಿದ್ದ ಹಳೆಯ ತರಬೇತುದಾರರು, ನೌಕರರ ಪ್ರತಿನಿಧಿಯಾಗಿ ನಾನು. ನನ್ನನ್ನು ಆರಿಸಿದ್ದು ನೋಡಿ ಉಬ್ಬಿಹೋಗಿದ್ದೆ. ಬೆಂಚಿನ ಮೇಲೆ ಕೂತು ಚೀಲ ಕಾಯ್ದದ್ದೂ ಒಂದು ಅನುಭವವೆಂದು ದೊಡ್ಡವರು ಗುರುತಿಸಿದರಲ್ಲ ಎಂದು ಅಕ್ಕನ ಮುಂದೆ ಹೇಳಿಕೊಂಡೂ ಇದ್ದೆ. ಮೊದಲ ಸಭೆಯಲ್ಲೇ ಗಾಳಿ ಇಳಿಯಿತು. ಕಿಟಕಿಯಿಲ್ಲದ ಆ ಕೊಠಡಿಯಲ್ಲಿ ಸಿಬ್ಬಂದಿ ಅಧಿಕಾರಿಗಳು ವರದಿಯನ್ನು ಮುಂದಿಟ್ಟು, ಪೆನ್ನಿನ ಮುಚ್ಚಳ ತಾವೇ ತೆಗೆದು ಕೊಟ್ಟು ಹೇಳಿದರು: "ವರದಿ ಅವಿರೋಧವಾಗಿದ್ರೆ ಹುಡುಗಿಯರ ನೌಕರಿ ಕಾಯಂ ಮಾಡೋ ಫೈಲು ಮುಂದಕ್ಕೆ ಹೋಗುತ್ತೆ. ಯಾರಾದ್ರೂ ಭಿನ್ನಾಭಿಪ್ರಾಯ ಬರೆದ್ರೆ ಇಡೀ ತಂಡವನ್ನೇ ಮರುಪರಿಶೀಲನೆ ಮಾಡಬೇಕಾಗುತ್ತೆ. ನಿಮ್ಮ ಅಕ್ಕನ ಮಗಳೂ ಅದರಲ್ಲೇ ಇದ್ದಾಳೆ, ಅಲ್ವಾ? ನಾನೇನೂ ಹೆದರಿಸ್ತಿಲ್ಲ, ನಿಯಮ ಹೇಳ್ತಿದೀನಿ."

ನನ್ನನ್ನೇ ಯಾಕೆ ಆರಿಸಿದಿರಿ ಎಂಬುದು ಆಗ ಅರ್ಥವಾಯಿತು. ಅಂಥ ನಿಯಮ ಯಾವ ಪುಸ್ತಕದಲ್ಲಿದೆ ಎಂದು ಕೇಳಬಹುದಿತ್ತು, ಕೇಳಲಿಲ್ಲ. ಯೋಚಿಸಿ ಹೇಳುತ್ತೇನೆ ಎಂದು ಎದ್ದು ಬಂದೆ.

ಹಳೆಯ ತರಬೇತುದಾರರ ಬಗ್ಗೆಯೂ ನ್ಯಾಯವಾಗಿ ಒಂದು ಮಾತು ಹೇಳಬೇಕು. ಅವರು ನಿಮಗೆ ಹೆದರಿ ಸಹಿ ಹಾಕಿದವರಲ್ಲ. ಮೆಟ್ಟಿಲಿಳಿಯುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು, "ಸೋಲೋದು ರೂಢಿಯಾಗಿಬಿಡುತ್ತೆ ಕಣಯ್ಯ. ಒಮ್ಮೆ ರೂಢಿಯಾದ್ರೆ ಆಮೇಲೆ ಗೆಲ್ಲೋ ಮ್ಯಾಚೂ ಸೋಲ್ತಾರೆ. ಹುಡುಗಿ ಒಳ್ಳೆಯವಳೇ, ಆದ್ರೆ ಆ ಒಂದು ಗೆಲುವು ಆ ಮಕ್ಕಳಿಗೆ ಬೇಕಾಗಿತ್ತು" ಎಂದರು. ಈ ಮಾತು ನನ್ನನ್ನು ಎರಡು ದಿನ ಕಾಡಿತು. ಅವರು ಹೇಳಿದ್ದು ಸುಳ್ಳೇ? ಬೇರೆ ತಂಡದಲ್ಲಿ ಹಾಗೆ ಆಗಿರಬಹುದು. ಆದರೆ ಇಲ್ಲಿ ಆ ಸೋಲಿನ ಮರುದಿನ ಹುಡುಗಿಯರು ಹೇಳದೆಯೇ ಅಭ್ಯಾಸಕ್ಕೆ ಬೇಗ ಬಂದು, ಕೊನೆಯ ಆ ಕೆಲವು ಸೆಕೆಂಡುಗಳನ್ನೇ ಮತ್ತೆ ಮತ್ತೆ ಆಡುತ್ತಿದ್ದದ್ದನ್ನು ನಾನು ನೋಡಿದ್ದೇನೆ. ಸೋಲು ರೂಢಿಯಾದವರು ಹಾಗೆ ಮಾಡುತ್ತಾರೆಯೇ? ನೀವೂ ಅವರೂ ಬಂದು ನೋಡಿದ್ದರೆ ಮೂವರೂ ಕೂತು ಮಾತಾಡಬಹುದಿತ್ತು.

ಮನೆಯ ಕಥೆ ಕೇಳಿ. ಅಕ್ಕ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಎದುರು ಕೂತಳು. "ನೋಡೋ, ಆ ಮೇಡಂ ಬುದ್ಧಿವಂತೆ, ಎಲ್ಲಾದ್ರೂ ಬದುಕಿಕೊಳ್ತಾಳೆ. ನನ್ನ ಮಗಳಿಗೆ ಇದು ಬಿಟ್ರೆ ಏನಿದೆ? ಒಂದು ಸಹಿ ತಾನೇ, ಹಾಕಿ ಕೈಬಿಡು." ಒಳಗಿನಿಂದ ಮಗಳು, "ಮಾವ, ನೀವು ಸಹಿ ಹಾಕಿದ್ರೆ ನಾಳೆಯಿಂದ ನನ್ನ ಚೀಲ ಮುಟ್ಟಬೇಡಿ" ಎಂದಳು. ಅಕ್ಕ "ಬಾಯಿ ಮುಚ್ಚೇ" ಎಂದಳು. ಅತ್ತ ದರಿ, ಇತ್ತ ಪುಲಿ ಎಂದು ಓದಿದ್ದೆ, ಎರಡರ ನಡುವೆ ಕುರ್ಚಿ ಹಾಕಿಕೊಂಡು ಊಟ ಮಾಡಿದ್ದು ಅಂದೇ.

ಸಮಿತಿಗೆ ರಾಜೀನಾಮೆ ಕೊಡಲು ಹೋದೆ. 'ವರದಿ ಸಲ್ಲಿಕೆಯಾಗುವ ಮುನ್ನ ಸದಸ್ಯರು ಬಿಡುವಂತಿಲ್ಲ' ಎಂದರು ಸಿಬ್ಬಂದಿ ಅಧಿಕಾರಿಗಳು. ಸಹಿ ಹಾಕದೆ ಸುಮ್ಮನಿದ್ದರೆ ಏನಾಗುತ್ತದೆ ಎಂದು ಕೇಳಿದೆ. 'ಮೌನ ಸಮ್ಮತಿ' ಎಂದರು. ರಜೆ ಹಾಕುತ್ತೇನೆ ಎಂದೆ. 'ಮನೆಗೇ ತಂದು ಕೊಡ್ತೀವಿ ಬಿಡಿ' ಎಂದು ನಕ್ಕರು. ಇಷ್ಟು ಚುರುಕಾಗಿ ನಾವು ಒಂದು ಒಡೆದ ಪೈಪನ್ನಾದರೂ ದುರಸ್ತಿ ಮಾಡಿದ್ದರೆ ನನ್ನ ಕೌಂಟರಿನಲ್ಲಿ ಅರ್ಧ ಜನ ಇರುತ್ತಿರಲಿಲ್ಲ.

ಕೊನೆಗೆ ಗೋದಾಮಿಗೆ ಹೋದೆ. ಅಭ್ಯಾಸ ಮುಗಿದಿತ್ತು. ಅವಳೊಬ್ಬಳೇ ಚೆಂಡುಗಳನ್ನು ಬಲೆಯ ಚೀಲಕ್ಕೆ ತುಂಬುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಹೇಳಿದಳು.

"ಸಹಿ ಹಾಕಿ ಸಾರ್."

"ಏನಮ್ಮಾ ಹೀಗಂತೀಯ?"

"ಮಕ್ಕಳ ಫೈಲಿನ ವಿಷಯ ನಂಗೂ ಗೊತ್ತಾಯ್ತು. ಅವರನ್ನ ಮನೆಗಳಿಂದ ಕರ್ಕೊಂಡು ಬಂದಿದ್ದು ನಾನು. ಅಪ್ಪ ಅಮ್ಮಂದಿರ ಹತ್ರ ನೌಕರಿ ಸಿಗುತ್ತೆ ಅಂತ ಮಾತು ಕೊಟ್ಟಿದ್ದು ನಾನು. ನನ್ನಿಂದ ಅದು ಹೋದ್ರೆ ನಾನು ಯಾವ ಮುಖ ಹೊತ್ಕೊಂಡು ತಿರುಗಲಿ? ಹಾಕಿಬಿಡಿ."

"ಅವತ್ತಿನ ಮ್ಯಾಚಲ್ಲಿ ಇಬ್ಬರು ಹಿರಿಯರಲ್ಲಿ ಒಬ್ಬಳನ್ನಾದ್ರೂ ಒಳಗೆ ಬಿಡಬಹುದಿತ್ತಲ್ಲಮ್ಮ? ಟೈಮ್‌ಔಟೂ ಬಾಕಿ ಇತ್ತು."

ಅವಳು ಚೀಲದ ದಾರ ಎಳೆದು ಗಂಟು ಹಾಕಿದಳು. "ಬಿಡಬಹುದಿತ್ತು. ಗೆಲ್ತಿದ್ವಿ. ಟೈಮ್‌ಔಟ್ ತಗೊಳ್ದೇ ಇದ್ದಿದ್ದು ನನ್ನ ತಪ್ಪು, ಅದನ್ನ ಬರೀರಿ ಬೇಕಾದ್ರೆ. ಆದ್ರೆ ಹುಡುಗಿಯರು ತಿರುತಿರುಗಿ ನನ್ನನ್ನೇ ನೋಡ್ತಿದ್ರು ಸಾರ್. ಸೋಲೋಕೆ ಹೆದರಿ ನೋಡ್ತಿರಲಿಲ್ಲ. ನಾನೆಲ್ಲಿ ಅವರನ್ನ ಹೊರಗೆ ಕರೆದುಬಿಡ್ತೀನೋ ಅಂತ ಹೆದರಿ ನೋಡ್ತಿದ್ರು. ಒಂದು ಸಲ ಕರೆದ್ರೆ ಇನ್ಯಾವತ್ತೂ ನನ್ನ ಮಾತು ನಂಬಲ್ಲ ಅನ್ನಿಸ್ತು." ಆಮೇಲೆ, ಬಹಳ ಸಣ್ಣ ದನಿಯಲ್ಲಿ, "ಎಲ್ಲಿ ಕರೆದುಬಿಡ್ತೀನೋ ಅಂತ ಕೈಯನ್ನ ಬೆನ್ನ ಹಿಂದೆ ಕಟ್ಕೊಂಡಿದ್ದೆ" ಎಂದಳು.

ಕೊಟ್ಟ ಮಾತನ್ನು ಸೋಲಿನ ಎದುರಿನಲ್ಲೂ ಉಳಿಸಿಕೊಂಡ ಒಬ್ಬಳು ಇಡೀ ಮಂಡಳಿಯಲ್ಲಿ ಇದ್ದಾಳೆ, ಅಧ್ಯಕ್ಷರೇ, ಅವಳಿಗೆ ನೀವು ಅಸಮರ್ಥೆ ಎಂಬ ಬಿರುದು ಕೊಡುತ್ತಿದ್ದೀರಿ. ಆ ಬಿರುದಿಗೆ ನನ್ನ ಕೈಯಿಂದಲೇ ಮೊಹರು ಹಾಕಿಸಲು ಅವಳದ್ದೇ ಒಳ್ಳೆಯತನವನ್ನು ಬಳಸಿಕೊಳ್ಳುತ್ತಿದ್ದೀರಿ. ನಾನು ಸಹಿ ಹಾಕಿದರೆ ಅವಳು ಹೋಗುತ್ತಾಳೆ. ಹಾಕದಿದ್ದರೆ ಎಂಟು ಹುಡುಗಿಯರು ಹೋಗುತ್ತಾರೆ, ಅವರಿಗೆ ಕೊಟ್ಟ ಮಾತು ತಪ್ಪಿತೆಂದು ಅವಳೂ ಹೋಗುತ್ತಾಳೆ. ಎಷ್ಟು ಅಚ್ಚುಕಟ್ಟಾಗಿ ಕಟ್ಟಿದ್ದೀರಿ! ತಂಡ ಕಟ್ಟುವುದರಲ್ಲಿ ಇದರ ಕಾಲು ಭಾಗ ಶ್ರದ್ಧೆ ತೋರಿಸಿದ್ದರೆ ಈ ವೇಳೆಗೆ ಗೆದ್ದಿರುತ್ತಿದ್ದೆವು.

ಕಳಿಸುವ ಮೊದಲು ಈ ಪತ್ರವನ್ನು ಅಕ್ಕನ ಮಗಳ ಕೈಗೆ ಕೊಟ್ಟೆ. ನೌಕರಿ ಅವಳದ್ದು, ಬೇಡವೆಂದರೆ ಹರಿದು ಹಾಕುವವನಿದ್ದೆ. ಅವಳು ನಿಧಾನವಾಗಿ ಓದಿದಳು. ಒಂದು ಕಡೆ ಬೆರಳಿಟ್ಟು ಕೇಳಿದಳು.

"ಮಾವ, 'ಹುಡುಗಿಯೊಬ್ಬಳ ಕೈಯಿಂದ ಚೆಂಡು ಜಾರಿತು' ಅಂತ ಯಾಕೆ ಬರೆದಿದ್ದೀರಿ? ಜಾರಿಸಿದ್ದು ನಾನು. ಹಾಗೇ ಬರೀರಿ."

"ಅದು ಬೇಡ ಪುಟ್ಟಿ. ನಿನ್ನ ಫೈಲು ಅವರ ಮೇಜಿನ ಮೇಲಿದೆ."

"ಬರೀದೇ ಇದ್ರೆ ಅದನ್ನೂ ಮೇಡಂ ತಲೆಗೇ ಕಟ್ತಾರೆ. ಎಡಗಡೆ ಗೆಳತಿ ಖಾಲಿ ನಿಂತಿದ್ಳು, ನಾನು ನೋಡ್ಲಿಲ್ಲ. ಬಾಲನ್ನೇ ನೋಡ್ತಿದ್ದೆ. ಅಷ್ಟೂ ಬರೀರಿ."

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಇದೇ ಹುಡುಗಿ ಮೊದಲ ಪಂದ್ಯದ ದಿನ ಶೂಗಳನ್ನು ಬೈದವಳು, ಅಧ್ಯಕ್ಷರೇ. ಒಬ್ಬ ತರಬೇತುದಾರಳು ಸೋಲಿನ ವರ್ಷದಲ್ಲಿ ಏನು ಮಾಡಿದಳೆಂದು ಅಳೆಯಲು ನಿಮ್ಮ ಬಳಿ ಅಂಕಪಟ್ಟಿ ಇದೆ. ನನ್ನ ಬಳಿ ಈ ಹುಡುಗಿ ಇದ್ದಾಳೆ. ಅವಳು ಹೇಳಿದ್ದನ್ನು ಹೇಳಿದಂತೆ ಬರೆದಿದ್ದೇನೆ.

ಆದ್ದರಿಂದ ನನ್ನ ಬೇಡಿಕೆ. ಎಂಟು ಹುಡುಗಿಯರ ಕಾಯಂ ಆದೇಶವನ್ನು ಈ ವರದಿಯಿಂದ ಬಿಡಿಸಿ ಮೊದಲು ಹೊರಡಿಸಿ. ವರದಿಯ ನೆತ್ತಿಯ ಮೇಲೆ, ಸೋಲುಗಳ ಪಟ್ಟಿಗಿಂತ ಮೊದಲು, 'ಎರಡು ವರ್ಷ ಫಲಿತಾಂಶ ಕೇಳುವುದಿಲ್ಲ' ಎಂದು ನೀವಾಡಿದ ಮಾತನ್ನು ಬರೆಯಿಸಿ. ಅಷ್ಟಾದ ಮೇಲೂ ಅವಳನ್ನು ತೆಗೆಯಬೇಕೆನಿಸಿದರೆ ಶನಿವಾರದ ಪಂದ್ಯಕ್ಕೆ ಬನ್ನಿ, ಈ ಸಲ ಪೂರ್ತಿ ಕೂತು ನೋಡಿ, ಮುಗಿದ ಮೇಲೆ ಆ ಹುಡುಗಿಯರೆಲ್ಲರ ಎದುರು ನಿಂತು ನಿಮ್ಮ ಬಾಯಿಂದಲೇ ಅವಳಿಗೆ ಹೇಳಿ. ಕಾಗದದ ಮೇಲೆ ನನ್ನಿಂದ ಹೇಳಿಸಬೇಡಿ.

ಇದನ್ನು ಬರೆದು ಬಿಡುಗಡೆಯಾಯಿತು ಎಂಬ ಭ್ರಮೆ ನನಗಿಲ್ಲ. ಸೋಮವಾರ ನಾನು ಅದೇ ಗಾಜಿನ ಹಿಂದೆ ಕೂತಿರುತ್ತೇನೆ, ನೀವು ಅದೇ ಮಹಡಿಯ ಮೇಲೆ ಇರುತ್ತೀರಿ. ಸಹಿ ಹಾಕುವುದಿಲ್ಲ ಎಂದು ತಿಳಿಸಿದಾಗಿನಿಂದ ತರಬೇತುದಾರಳಿಗೆ, ನಾನು ಅವಳ ಮಾತು ಮೀರಿದೆನೆಂದು ಸಿಟ್ಟು. ಹುಡುಗಿಯ ಆದೇಶ ಬರುತ್ತದೋ ಇಲ್ಲವೋ ತಿಳಿಯದು, ಬಾರದಿದ್ದರೆ ಅದಕ್ಕೆ ಕಾರಣ ಈ ಪತ್ರವೇ ಎಂದು ಅಕ್ಕ ಸಾಯುವತನಕ ಹೇಳುತ್ತಾಳೆ. ಹೇಳಲಿ. ನಿಮಗೆ ನನ್ನ ಸಹಿ ಬೇಕಾಗಿತ್ತು. ಇಗೋ, ಕೆಳಗೆ ಹಾಕಿದ್ದೇನೆ. ಈ ವಿಷಯದಲ್ಲಿ ನನ್ನ ಕೈಯಿಂದ ನಿಮಗೆ ಸಿಗುವ ಸಹಿ ಇದೊಂದೇ.

ಇಂತಿ,
ಬಿಡಲೂ ಆಗದೆ ಇನ್ನೂ ನಿಮ್ಮ ಸಮಿತಿಯಲ್ಲೇ ಉಳಿದಿರುವ,
ದೂರು ಕೌಂಟರಿನವನು